ಗುಳಿಗೆ ಮುಗಿಯುವ ತನಕ

2019ರ ಜೂನ್ ತಿಂಗಳು. ಜೋಯಿಡಾ ಕಡೆಯ ಮಳೆಯಲ್ಲಿ ನೆನೆದು ಬಂದ ಕೆಮ್ಮು ಎಂದುಕೊಂಡಿದ್ದೆ. ನಾನೊಬ್ಬ ಸಭಾಪಾಲಕ. ಭಾನುವಾರ ಬೆಳಿಗ್ಗೆ ದಾಂಡೇಲಿಯಲ್ಲಿ ಆರಾಧನೆ, ಮಧ್ಯಾಹ್ನ ಹಳಿಯಾಳದಲ್ಲಿ, ವಾರದ ನಡುವೆ ಜೋಯಿಡಾ ಸೀಮೆಯ ನಾಲ್ಕೈದು ಮನೆಗಳು, ತಿಂಗಳಿಗೊಮ್ಮೆ ಮುಂಡಗೋಡ. ಎಲ್ಲಕ್ಕೂ ಒಂದೇ ಹಳೆಯ ಮೋಟಾರ್ ಸೈಕಲ್ಲು. ನಾನು ಮನೆಯಲ್ಲಿ ಕುಳಿತರೆ ದೇವರ ಕೆಲಸ ನಿಂತೀತೆಂಬ ಭಯ. ಅದು ಭಯವೋ ಜಂಬವೋ ಎಂದು ಆಗ ಕೇಳಿಕೊಂಡಿರಲಿಲ್ಲ.

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂದು ಹೋದಲ್ಲೆಲ್ಲ ಹೇಳುತ್ತಿದ್ದವನೇ ನಾನು. ನನ್ನ ಕೆಮ್ಮಿಗೆ ಎರಡು ತಿಂಗಳಾದರೂ ಮಾಡಿಸಲಿಲ್ಲ. ರಾತ್ರಿ ಅಂಗಿ ತೊಯ್ಯುವಷ್ಟು ಬೆವರು, ಸಂಜೆಯಾದರೆ ಸಣ್ಣ ಜ್ವರ, ಸೊಂಟದಲ್ಲಿ ನಿಲ್ಲದ ಪ್ಯಾಂಟು. ಕೊನೆಗೆ ಹೆಂಡತಿ ಗಾಡಿಯ ಕೀಲಿಕೈ ಬಚ್ಚಿಟ್ಟು ಸರಕಾರಿ ಆಸ್ಪತ್ರೆಗೆ ಕರೆದೊಯ್ದಳು. ಕ್ಷಯ ಎಂದರು.

ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು. ಒಂದು ದಿನವೂ ತಪ್ಪಬಾರದು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ ಎಂದರು ಡಾಕ್ಟರು. ಔಷಧಕ್ಕೆ ದುಡ್ಡಿಲ್ಲ. ಪೌಷ್ಟಿಕ ಆಹಾರಕ್ಕೆಂದು ಸರಕಾರ ಆಗ ತಿಂಗಳಿಗೆ 500 ರೂಪಾಯಿ ಖಾತೆಗೆ ಹಾಕುತ್ತಿತ್ತು. 2024ರ ನವೆಂಬರಿನಿಂದ ಅದು 1000 ಆಗಿದೆ. "ಇನ್ನು ಗಾಡಿ ಹತ್ತುವುದು ನಾನು ಹೇಳಿದ ಮೇಲೆ" ಎಂದೂ ಸೇರಿಸಿದರು.

ನಾನು ವಾದ ಹೂಡಿದೆ. 1956ರಲ್ಲಿ ಮದರಾಸಿನಲ್ಲಿ ಶುರುವಾದ ಒಂದು ಅಧ್ಯಯನದ ಬಗ್ಗೆ ಓದಿದ್ದೆ. ಸ್ಯಾನಿಟೋರಿಯಂನಲ್ಲಿ ಮಲಗಿಸಿ, ಒಳ್ಳೆಯ ಊಟ ಕೊಟ್ಟು ನೋಡಿಕೊಂಡ ರೋಗಿಗಳೂ, ಬಡ ಮನೆಯಲ್ಲೇ ಇದ್ದು ಅದೇ ಔಷಧ ತೆಗೆದುಕೊಂಡವರೂ ಹೆಚ್ಚುಕಡಿಮೆ ಒಂದೇ ಸಮನೆ ಗುಣವಾಗಿದ್ದರು. 1959ರಲ್ಲಿ ಬಂದ ಆ ವರದಿ ಕ್ಷಯದ ಚಿಕಿತ್ಸೆಯ ದಾರಿಯನ್ನೇ ಬದಲಿಸಿತು. "ಹಾಗಿದ್ದ ಮೇಲೆ ನನಗೇಕೆ ವಿಶ್ರಾಂತಿ?" ಡಾಕ್ಟರು ನಕ್ಕರು. "ನಿಮ್ಮ ತೂಕ ಹನ್ನೊಂದು ಕಿಲೋ ಇಳಿದಿದೆ. ಗುಳಿಗೆ ನುಂಗಿ ವಾಂತಿ ಮಾಡಿಕೊಳ್ಳುತ್ತ ಜೋಯಿಡಾ ತಿರುವುಗಳಲ್ಲಿ ಗಾಡಿ ಓಡಿಸಿದರೆ ಗುಳಿಗೆ ಹೊಟ್ಟೆಯಲ್ಲಿ ನಿಲ್ಲುವುದು ಯಾವಾಗ?"

ಧಾರವಾಡದಲ್ಲಿ ಓದುತ್ತಿದ್ದ ಮಗಳು ಇನ್ನೂ ಖಾರ. "ಅಪ್ಪಾ, ಕಿಟೆಲ್ ಸಾಹೇಬರು 1877ರಲ್ಲಿ ಜರ್ಮನಿಗೆ ಹೋದವರು 1883ರಲ್ಲಿ ತಿರುಗಿ ಬಂದರು. ನಿಘಂಟು ಅಚ್ಚಾಗಿದ್ದು 1894ರಲ್ಲಿ. ನೀವು ಆರು ತಿಂಗಳು ಕೂತರೆ ಏನು ಮುಳುಗ್ತದ?"

ಹೊರಗಿನ ಪಡಸಾಲೆಯಲ್ಲಿ ಮಂಚ ಹಾಕಿದರು. ಮಲಗುವುದು ಇಷ್ಟು ಕಷ್ಟದ ಕೆಲಸವೆಂದು ಗೊತ್ತಿರಲಿಲ್ಲ. ಎಲೀಯನ ಕಥೆಯನ್ನು ಎಷ್ಟೋ ಸಲ ಬೋಧಿಸಿದ್ದೇನೆ. ಅಡವಿಯಲ್ಲಿ ಗಿಡದ ಕೆಳಗೆ ಸಾವು ಬೇಡುತ್ತ ಮಲಗಿದ್ದ ಪ್ರವಾದಿಗೆ ದೇವದೂತ ಉಪದೇಶ ಮಾಡಲಿಲ್ಲ; ರೊಟ್ಟಿ ಕೊಟ್ಟ, ನೀರು ಕೊಟ್ಟ. ಆತ ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಉಣಿಸಿದ. ಆ ಎರಡನೆಯ ನಿದ್ದೆಯನ್ನು ನಾನು ಪ್ರತಿ ಸಲವೂ ಹಾರಿಸಿ ನೇರ ಪರ್ವತಕ್ಕೆ ಹೋಗಿಬಿಡುತ್ತಿದ್ದೆ.

ಮೂರನೆಯ ತಿಂಗಳಿಗೆ ಹಸಿವು ಬಂತು, ಕೆಮ್ಮು ಹೋಯಿತು. ನೋಡಲು ಬಂದ ವಿಶ್ವಾಸಿಯೊಬ್ಬರು, ದೇವರು ಮುಟ್ಟಿದ ಮೇಲೂ ಗುಳಿಗೆಯೇ ಎಂದರು. ಹೆಂಡತಿ ತವರಿಗೆ ಹೋಗಿದ್ದಳು. ನಾಲ್ಕು ದಿನ ಗುಳಿಗೆ ಮುಟ್ಟಲಿಲ್ಲ.

ಐದನೆಯ ದಿನ ಹಳಿಯಾಳ ಕಡೆಯ ಹುಡುಗನೊಬ್ಬ ಬಂದ. ಅವನ ಬಗ್ಗೆ ಹೇಳಲೇಬೇಕು. 2016ರಲ್ಲಿ ಅವನಿಗೂ ಇದೇ ಜಡ್ಡು. ಮೂರನೆಯ ತಿಂಗಳು ಸಭೆಯಲ್ಲಿ ಎದ್ದು ನಿಂತು, ದೇವರು ವಾಸಿ ಮಾಡಿದನೆಂದು ಸಾಕ್ಷಿ ಹೇಳಿದ್ದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನಾನು. ಗುಳಿಗೆ ನುಂಗುತ್ತಿದ್ದೀಯಾ ಎಂದು ಕೇಳಲಿಲ್ಲ. ಅವನು ಬಿಟ್ಟಿದ್ದ. ವರ್ಷದೊಳಗೆ ರೋಗ ಮರುಕಳಿಸಿತು, ಮೊದಲಿನ ಔಷಧಕ್ಕೆ ಬಗ್ಗಲಿಲ್ಲ. ಚುಚ್ಚುಮದ್ದು ಸೇರಿ ಎರಡು ವರ್ಷದ ಚಿಕಿತ್ಸೆ. ಕಾಲೇಜು ಅರ್ಧಕ್ಕೆ ನಿಂತಿತು, ಕಿವಿ ಮಂದವಾಯಿತು. ನನ್ನನ್ನು ಅವನು ಒಂದು ಮಾತೂ ಅಂದಿರಲಿಲ್ಲ.

ಗೂಡಿನಲ್ಲಿದ್ದ ಗುಳಿಗೆಯ ಹಾಳೆ ಎತ್ತಿ ಎಣಿಸಿದ. ಕಿವಿ ಮಂದವಾದವರ ದನಿ ದೊಡ್ಡದು, ಓಣಿಗೆಲ್ಲ ಕೇಳಿಸಿರಬೇಕು.

"ಅಯ್ಯನವರ, ನಾಕ ದಿನದ ಗುಳಿಗಿ ಉಳದಾವಲ್ರಿ?"

"ನನಗ ಆರಾಮ ಆಗೇತಪ್ಪಾ."

"ನನಗೂ ಆಗಿತ್ರಿ."

ಅಷ್ಟೇ ಹೇಳಿ ಒಳಗೆ ಹೋಗಿ ನೀರು ತಂದ. ನುಂಗಿದೆ. ಮರುದಿನ ಆಸ್ಪತ್ರೆಗೆ ಹೋಗಿ ತಪ್ಪೊಪ್ಪಿಕೊಂಡು, ಅವರ ಲೆಕ್ಕದಂತೆ ಮುಂದುವರಿಸಿದೆ.

ಡಿಸೆಂಬರಿನಲ್ಲಿ ಕುರ್ಚಿಯ ಮೇಲೆ ಕುಳಿತು ಹತ್ತು ನಿಮಿಷ ಮಾತಾಡಲು ಅಪ್ಪಣೆ ಸಿಕ್ಕಿತು. ಹಿಜ್ಕೀಯ ರಾಜನ ಕಥೆ ಹೇಳಿದೆ: ಪ್ರಾರ್ಥನೆ ಕೇಳಿದ್ದೇನೆಂದು ದೇವರು ಹೇಳಿಕಳಿಸಿದ ಮೇಲೂ ಯೆಶಾಯನು ಹುಣ್ಣಿಗೆ ಅಂಜೂರದ ಲೇಪ ಹಾಕಿಸಿದ. ಆಮೇಲೆ, ಹುಡುಗನ ಒಪ್ಪಿಗೆ ಪಡೆದು, 2016ರ ಚಪ್ಪಾಳೆಯ ವಿಷಯ ಹೇಳಿದೆ. ಸಭೆ ಬಹಳ ಹೊತ್ತು ಸುಮ್ಮನಿತ್ತು. ಅವನ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು.

2020ರ ಫೆಬ್ರುವರಿಯಲ್ಲಿ ಕೊನೆಯ ಗುಳಿಗೆ ನುಂಗಿದೆ. ಈಗಲೂ ಯಾರಾದರೂ ಜಡ್ಡು ವಾಸಿಯಾಯಿತೆಂದು ಸಾಕ್ಷಿ ಹೇಳಲು ಎದ್ದರೆ, ಹಿಂದಿನ ಸಾಲಿನಿಂದ ಆ ದೊಡ್ಡ ದನಿ ಬರುತ್ತದೆ: "ಗುಳಿಗಿ ಮುಗದಾವೇನ್ರಿ?"