ಬಂದರಿನ ಸಾಲು ಮತ್ತು ಸವೆದ ಕ್ಯಾಮ್

ಅಡಿಕೆ ಸುಲಿದು ಲೋಡ್ ಹೋಗುವ ಸಮಯ ಬಂತು. ಹಳೆ ಲಾರಿ ಇಟ್ಟುಕೊಂಡವರು ನಮ್ಮ ಸುತ್ತಮುತ್ತ ಇನ್ನೂ ಕೆಲವರು ಇದ್ದೀರಿ, ನಿಮಗೋಸ್ಕರ ಇದು. ಸ್ವಲ್ಪ ಉದ್ದ ಉಂಟು, ಪುರುಸೊತ್ತಲ್ಲಿ ಓದಿ.

ಕಳೆದ ವರ್ಷ ನಮ್ಮ ಲಾರಿ ಇಂಜಿನ್‌ನಲ್ಲಿ ಟಿಕ್ ಟಿಕ್ ಶಬ್ದ ಶುರುವಾಯ್ತು. ಟ್ಯಾಪೆಟ್ ಶಬ್ದ ಅಂತ ಗ್ಯಾರೇಜಿಗೆ ಕೊಂಡೋಗಿ ಗ್ಯಾಪ್ ಸರಿ ಮಾಡಿಸಿದೆ. ತಿಂಗಳೊಳಗೆ ಪುನಃ ಅದೇ. ಹೀಗೆ ಮೂರು ಸಲ. ಆಮೇಲೆ ಲೋಡ್ ಹಾಕಿದರೆ ಎಳೆತವೇ ಇಲ್ಲ, ಕಲ್ಲಡ್ಕದಿಂದ ವಿಟ್ಲಕ್ಕೆ ಬರುವಾಗ ಇಡೀ ದಾರಿ ಕಪ್ಪು ಹೊಗೆ.

ನನಗೆ ಸಿಟ್ಟು ಬಂದದ್ದು ಡ್ರೈವರ್ ಕಾಕನ ಮೇಲೆ. ಅಪ್ಪನ ಕಾಲದಿಂದ ನಮ್ಮ ಲಾರಿ ಬಿಡುವವರು. "ಏರಿನಲ್ಲಿ ಗೇರ್ ಇಳಿಸದೆ ಎಳೆಸಿ ಎಳೆಸಿ ಇಂಜಿನ್ ತೆಗೆದ್ರಿ ನೀವು" ಅಂತ ಕೆಲಸದವರ ಎದುರೇ ಹೇಳಿಬಿಟ್ಟೆ. ಅವರು ಎಂತದೂ ಮಾತಾಡಲಿಲ್ಲ. ಮರುದಿನ ಕೀ ತಂದು ಜಗಲಿಯಲ್ಲಿಟ್ಟು ಹೋದರು.

ಇಂಜಿನ್ ಬಿಚ್ಚಿದಾಗ ಗೊತ್ತಾಯ್ತು. ಕ್ಯಾಮ್‌ಶಾಫ್ಟ್‌ನ ಎರಡು ಲೋಬ್‌ಗಳ ಮೂಗು ಸವೆದು ಉರುಟಾಗಿತ್ತು. ಅದರ ಮೇಲೆ ಕೂತ ಟ್ಯಾಪೆಟ್‌ಗಳ ಅಡಿಭಾಗ ಗುಳಿ ಬಿದ್ದಿತ್ತು. ಲೋಬ್ ಸವೆದರೆ ವಾಲ್ವ್ ಪೂರ್ತಿ ತೆರೆಯುದಿಲ್ಲ, ಗಾಳಿ ಸಾಕಾಗುದಿಲ್ಲ, ಹಾಗಾಗಿ ಕಪ್ಪು ಹೊಗೆ. ಗ್ಯಾಪ್ ಮತ್ತೆ ಮತ್ತೆ ಹೆಚ್ಚಾಗುವುದು ಟ್ಯಾಪೆಟ್‌ನ ಅಡಿಭಾಗ ಸವೆಯುವುದರಿಂದ. ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ: "ಈ ಲಾರಿ ಸ್ಟಾರ್ಟಲ್ಲೇ ನಿಲ್ಲುದು ಎಲ್ಲಿ?"

ಎಲ್ಲಿ ಅಂದರೆ ಬಂದರಿನಲ್ಲಿ. ಅಲ್ಲಿಯ ಓಣಿಗಳು ನಿಮಗೆ ಗೊತ್ತುಂಟು. ಎತ್ತಿನ ಗಾಡಿಯ ಕಾಲದ ಅಗಲ, ಎರಡೂ ಬದಿ ಮಂಡಿ, ಒಂದು ಲಾರಿಯ ಮೂಟೆ ಇಳಿಯದೆ ಹಿಂದಿನದು ಅಲ್ಲಾಡುವ ಹಾಗಿಲ್ಲ. ಎರಡು ಮೂರು ಗಂಟೆ ಸಾಲಿನಲ್ಲಿ ಇಂಜಿನ್ ಐಡಲ್.

ಐಡಲ್‌ನಲ್ಲಿ ಇಂಜಿನ್‌ಗೆ ರೆಸ್ಟ್ ಅಂತ ನಾವು ತಿಳಿದುಕೊಂಡದ್ದು. ಕ್ಯಾಮ್‌ಗೆ ಅದೇ ಕಷ್ಟದ ಕೆಲಸ. ನಿಧಾನ ತಿರುಗುವಾಗ ಲೋಬ್ ಮತ್ತು ಟ್ಯಾಪೆಟ್ ನಡುವೆ ಆಯಿಲ್ ಪದರ ತೆಳ್ಳಗಾಗ್ತದೆ, ವಾಲ್ವ್ ಸ್ಪ್ರಿಂಗ್‌ನ ಒತ್ತಡ ಮಾತ್ರ ಪೂರ್ತಿ ಲೋಬ್‌ನ ಮೂಗಿನ ಮೇಲೆ ಬೀಳ್ತದೆ. ಹಳೆ ಇಂಜಿನ್‌ಗಳಲ್ಲಿ ಲೋಬ್‌ಗೆ ಆಯಿಲ್ ಸಿಗುವುದು ಬಹುಪಾಲು ಕ್ರ್ಯಾಂಕ್ ಚಿಮ್ಮಿಸುವುದರಿಂದ. ಐಡಲ್‌ನಲ್ಲಿ ಅದೂ ಕಡಿಮೆ. ಸರಿಯಾಗಿ ಉರಿಯದ ಡೀಸೆಲ್ ಆಯಿಲ್‌ಗೆ ಸೇರಿ ಅದು ಇನ್ನೂ ನೀರಾಗ್ತದೆ.

ನಾನು ಮಾಡಿದ ತಪ್ಪು ಎಂತದು ಗೊತ್ತುಂಟಾ? ಟಿಲ್ಲರ್‌ಗೆ ಗಂಟೆ ಲೆಕ್ಕದಲ್ಲಿ ಆಯಿಲ್ ಬದಲಿಸುವವ ಲಾರಿಗೆ ಬರೀ ಕಿಲೋಮೀಟರ್ ನೋಡಿದೆ. ಸಾಲಿನಲ್ಲಿ ನಿಂತಾಗ ಮೀಟರ್ ಓಡುದಿಲ್ಲ, ಇಂಜಿನ್ ಓಡ್ತದೆ. ಈಗ ಒಂದು ಗಂಟೆ ಐಡಲ್‌ಗೆ 40 ಕಿ.ಮೀ. ಅಂತ ಡೈರಿಯಲ್ಲಿ ಸೇರಿಸ್ತೇನೆ.

ಮೇಸ್ತ್ರಿಯಿಂದ ಕಲಿತ ಉಳಿದ ವಿಷಯ:

ಆಯಿಲ್ ಡೀಸೆಲ್ ಲಾರಿಯದ್ದೇ ಹಾಕಿ, ಪುಸ್ತಕದಲ್ಲಿ ಹೇಳಿದ ಗ್ರೇಡ್. ಲೋಬ್ ಕಾಪಾಡುವ ಜಿಂಕ್-ಫಾಸ್ಫರಸ್ ಅಂಶ ಈಗಿನ ಪೆಟ್ರೋಲ್ ಕಾರಿನ ಆಯಿಲ್‌ಗಳಲ್ಲಿ ಕಡಿಮೆ.

ಆಯಿಲ್ ಬದಲಿಸುವಾಗ ಹಳೆ ಫಿಲ್ಟರ್ ಕತ್ತರಿಸಿ ನೋಡಿ. ಮಡಿಕೆಗಳಲ್ಲಿ ಕಬ್ಬಿಣದ ಹುಡಿ ಮಿನುಗಿದರೆ ಸವೆತ ಶುರುವಾಗಿದೆ ಅಂತಲೇ.

ಒಂದೇ ಟ್ಯಾಪೆಟ್‌ನ ಗ್ಯಾಪ್ ಪದೇ ಪದೇ ಹೆಚ್ಚಾದರೆ ಬರೀ ಟೈಟ್ ಮಾಡಿಸಿ ಸುಮ್ಮನಿರಬೇಡಿ, ಡಯಲ್ ಗೇಜ್ ಇಟ್ಟು ಲಿಫ್ಟ್ ಅಳೆಸಿ.

ಕ್ಯಾಮ್ ಮತ್ತು ಟ್ಯಾಪೆಟ್ ಒಟ್ಟಿಗೇ ಬದಲಿಸಬೇಕು. ಸವೆದ ಕ್ಯಾಮ್ ಮೇಲೆ ಹೊಸ ಟ್ಯಾಪೆಟ್ ಕೂರಿಸಿದರೆ ಅದನ್ನೂ ತಿಂದು ಹಾಕ್ತದೆ. ಕೂರಿಸುವಾಗ ಪೇಸ್ಟ್ ಹಚ್ಚಿಸಿ, ಮೊದಲ ಸ್ಟಾರ್ಟ್ ಆದ ಮೇಲೆ 20 ನಿಮಿಷ ಐಡಲ್‌ಗೆ ಬಿಡಬೇಡಿ, 1500ರ ಮೇಲೆ ಇರಲಿ.

ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಲಾರಿಯ ಲೋಬ್ ಒಣಗಿರ್ತದೆ. ಸ್ಟಾಪ್ ನಾಬ್ ಎಳೆದು ಹಿಡಿದು ಸ್ವಲ್ಪ ಸ್ವಲ್ಪ ಸೆಲ್ಫ್ ಹೊಡೆಯಿರಿ, ಆಯಿಲ್ ಮೇಲೆ ಬರಲಿ, ಆಮೇಲೆ ಸ್ಟಾರ್ಟ್ ಮಾಡಿ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯಿತು. ಸಾಲಿನಲ್ಲಿ ಕಾಕ ಯಾಕೆ ಇಂಜಿನ್ ಆಫ್ ಮಾಡ್ಲಿಲ್ಲ? ನೆನಪಾಯ್ತು. "ಬ್ಯಾಟರಿ ವೀಕ್ ಉಂಟು ಧಣೀ, ಆಫ್ ಮಾಡಿದ್ರೆ ಸೆಲ್ಫ್ ಹಿಡಿಯುದಿಲ್ಲ" ಅಂತ ಎರಡು ಸಲ ಹೇಳಿದ್ದರು. ಆ ಓಣಿಯಲ್ಲಿ ಲಾರಿ ನಿಂತುಬಿಟ್ಟರೆ ಹಿಂದಿನವರೆಲ್ಲ ಬೈಯುವುದು ಅವರಿಗೆ. "ಈ ಸೀಸನ್ ಕಳೀಲಿ ಕಾಕ" ಅಂದದ್ದು ನಾನು. ಒಂದು ಬ್ಯಾಟರಿಯ ದುಡ್ಡು ಉಳಿಸಲು ಹೋಗಿ ಇಂಜಿನ್ ಬಿಚ್ಚಿಸಿದೆ, ಬೈಗುಳವನ್ನೂ ಅವರ ತಲೆಗೆ ಕಟ್ಟಿದೆ.

ಹೊಸ ಬ್ಯಾಟರಿ ಹಾಕಿಸಿ ಅದೇ ಲಾರಿಯಲ್ಲಿ ಅವರ ಮನೆಗೆ ಹೋದೆ. ತಪ್ಪಾಯ್ತು ಕಾಕ, ನೀವು ಹೇಳಿದ್ದನ್ನು ನಾನು ಕೇಳಲಿಲ್ಲ ಅಂದೆ. ಅವರು ಚಾ ಕೊಟ್ಟರು, ಮಾತು ಹೆಚ್ಚು ಆಡಲಿಲ್ಲ. ಆಮೇಲೆ ಲಾರಿ ಹತ್ತಿ ಆಫ್ ಮಾಡಿ, ಪುನಃ ಸೆಲ್ಫ್ ಹೊಡೆದರು. ಒಂದೇ ಸಲಕ್ಕೆ ಹಿಡಿಯಿತು. "ನಾಳೆ ಎಷ್ಟು ಗಂಟೆಗೆ ಲೋಡು?" ಅಂತ ಕೇಳಿದರು.

ಈಗ ಬಂದರಿನ ಸಾಲಿನಲ್ಲಿ ನಮ್ಮ ಲಾರಿ ಆಫ್ ಆಗಿಯೇ ನಿಲ್ಲುದು. ನಿಮ್ಮ ಡ್ರೈವರ್ ಹತ್ತಿರವೂ ಇವತ್ತೇ ಒಮ್ಮೆ ಕೇಳಿ ಮಾರಾಯ್ರೇ, ಸೆಲ್ಫ್ ಸರಿ ಹಿಡೀತದಾ ಅಂತ.