ಹಳೆಯ ಪದವಿ, ಹೊಸ ಅರ್ಜಿ



ಪದವಿ ಮುಗಿಸಿ ಹಲವು ವರ್ಷಗಳಾದ ಮೇಲೆ ಮತ್ತೊಂದು ಕೋರ್ಸಿಗೆ ಅರ್ಜಿ ಹಾಕಲು ಹೊರಟ ಹೆಣ್ಣಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಈಗ ಯಾಕೆ?" ಬಡ್ತಿಗಾಗಿ ಗಂಡಸೊಬ್ಬ ಐವತ್ತರಲ್ಲಿ ಪುಸ್ತಕ ಹಿಡಿದರೆ ಅವನನ್ನು ಮೆಚ್ಚುವವರೇ ನಮ್ಮನ್ನು ಕಂಡು ಹುಬ್ಬೇರಿಸುತ್ತಾರೆ. ನಲವತ್ಮೂರನೇ ವಯಸ್ಸಿನಲ್ಲಿ ಬಿ.ಎಡ್.ಗೆ ಅರ್ಜಿ ಹಾಕಿರುವ ನಾನು ಆ ಪ್ರಶ್ನೆಗೆ ನಿಮ್ಮೆದುರು ಉತ್ತರ ಹೇಳಬೇಕೆಂದಿದ್ದೇನೆ. ನಿಮ್ಮಲ್ಲೂ ಹಲವರ ಪೆಟ್ಟಿಗೆಯಲ್ಲಿ ಒಂದು ಪದವಿ ಪತ್ರ ಸುಮ್ಮನೆ ಮಲಗಿರಬಹುದು.

ನನ್ನ ತವರು ಸುರಪುರ. ಮದ್ರಸದಲ್ಲಿ ಓದು ಮುಗಿಸಿ, ಖಾಸಗಿಯಾಗಿ ಹತ್ತನೇ ತರಗತಿ ಪಾಸಾಗಿ, ಪಿಯುಸಿ ದಾಟಿ, 2006ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯದ ಬಿ.ಎ. ಪದವಿ ಪಡೆದೆ. ಮದುವೆಯಾಗಿ ಶಹಾಪುರಕ್ಕೆ ಬಂದ ಮೇಲೆ ಇಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಹತ್ತಿ ಬಿಡಿಸುವ ಕಾಲ ಬಂತೆಂದರೆ ನನ್ನ ತರಗತಿಯಲ್ಲಿ ಹೆಣ್ಣುಮಕ್ಕಳ ಬೆಂಚು ಅರ್ಧ ಖಾಲಿ. ಎರಡು ತಿಂಗಳು ಹೊಲದಲ್ಲಿದ್ದು ಮರಳಿದ ಎಂಟನೇ ತರಗತಿಯ ಹುಡುಗಿಗೆ ಒಂದು ಸಾಲು ತಡವರಿಸದೆ ಓದಲು ಬರುವುದಿಲ್ಲ. ಅವಳಿಗೆ ಪಾಠ ಹೇಳಬಲ್ಲೆ. ಓದನ್ನೇ ಮೊದಲಿನಿಂದ ಕಲಿಸುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ಇಡೀ ರಾಜ್ಯದಲ್ಲೇ ಕೊನೆಯದು. ಮಹಿಳೆಯರಲ್ಲಿ ಅದು ಸುಮಾರು ಶೇ. 41 ಮಾತ್ರ. ಇಂಥ ಜಿಲ್ಲೆಯಲ್ಲಿ ತರಬೇತಿ ಪಡೆದ ಶಿಕ್ಷಕಿ ಒಬ್ಬಳು ಹೆಚ್ಚಾದರೂ ಅದು ಸಣ್ಣ ಮಾತಲ್ಲ.

ಕಾನೂನೂ ಅದನ್ನೇ ಹೇಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ, 2010ರ ಅಧಿಸೂಚನೆಯ ಪ್ರಕಾರ, ಆರರಿಂದ ಎಂಟನೇ ತರಗತಿಗೆ ಪಾಠ ಹೇಳುವವರಿಗೆ ಬರಿಯ ಬಿ.ಎ. ಸಾಲದು. ಶಿಕ್ಷಕ ತರಬೇತಿ ಬೇಕು, ಅರ್ಹತಾ ಪರೀಕ್ಷೆಯನ್ನೂ ಪಾಸಾಗಬೇಕು.

"ದೂರಶಿಕ್ಷಣದಲ್ಲಿ ಮಾಡಿಬಿಡಿ, ಮನೆಯಲ್ಲೇ ಕೂತು ಆಗ್ತದ" ಎಂದು ಸಲಹೆ ಕೊಟ್ಟವರು ಬಹಳ. ಆದರೆ ದೂರಶಿಕ್ಷಣದ ಬಿ.ಎಡ್. ಎಲ್ಲರಿಗೂ ಸಿಗುವುದಿಲ್ಲ. ಈಗಾಗಲೇ ಡಿ.ಎಡ್.ನಂಥ ತರಬೇತಿ ಪಡೆದವರಿಗಷ್ಟೇ ಅದರ ಬಾಗಿಲು ತೆರೆದಿದೆ. ನನ್ನಂಥ ಬಿ.ಎ. ಪದವೀಧರೆ ಕಾಲೇಜಿಗೇ ಹೋಗಬೇಕು. ಮೊದಲು ಒಂದು ವರ್ಷವಿದ್ದ ಆ ಕೋರ್ಸು 2015ರಿಂದ ಎರಡು ವರ್ಷವಾಗಿದೆ. ತರಗತಿಗಳಿಗೆ ಶೇ. 80, ಶಾಲೆಯಲ್ಲಿ ಮಾಡುವ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ಕಡ್ಡಾಯ. ಅಂದರೆ ನನ್ನ ಎರಡು ವರ್ಷದ ಸಂಬಳ ಹೋದಂತೆಯೇ.

ಈ ಲೆಕ್ಕವನ್ನು ಮನೆಯಲ್ಲಿ ಎಲ್ಲರೂ ಕೂತು ಮಾಡಿದೆವು. ನಮ್ಮವರದು ಸಣ್ಣ ಟೈಲರಿಂಗ್ ಅಂಗಡಿ. ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ. ಅವಳ ಶುಲ್ಕಕ್ಕೂ ನನ್ನ ಶುಲ್ಕಕ್ಕೂ ಒಂದೇ ಗಲ್ಲಾದಿಂದ ಹಣ ಬರಬೇಕು. ನಾನು ಹಿಂದೆ ಸರಿಯುವವಳಿದ್ದೆ. ಅಷ್ಟರಲ್ಲಿ ಅತ್ತೆ, "ಸೊಸೆ ಸಂಜೆ ಟ್ಯೂಷನ್ ಹೇಳಲಿ, ಬೆಳಗಿನ ಅಡುಗೆ ನನಗೆ ಬಿಡಲಿ" ಎಂದರು. ಹೆಬ್ಬೆಟ್ಟು ಒತ್ತುವ ಆ ತಾಯಿಯ ಮಾತಿನ ಮೇಲೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಅರ್ಜಿ ತುಂಬಲು ಕಂಪ್ಯೂಟರ್ ಸೆಂಟರ್‌ಗೆ ಹೋದಾಗ ಅಲ್ಲಿನ ಹುಡುಗ, "ಆಂಟಿ, ಮಗಳನ್ನ ಕರ್ಕೊಂಡು ಬರ್ರಿ, ಫೋಟೋ ಬೇಕ್ರಿ" ಎಂದ. ಅರ್ಜಿ ನನ್ನದೇ ಎಂದಾಗ ಒಂದು ಕ್ಷಣ ಸುಮ್ಮನಾಗಿ, "ಹಂಗಂದ್ರ ಕೂಡ್ರಿ ಮೇಡಂ" ಎಂದು ಕುರ್ಚಿ ಎಳೆದುಕೊಟ್ಟ.

ಅಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಹಳೆಯ ಓದಿನ ವಿವರಗಳಿಗೆ. ಬಿ.ಎ.ಯಲ್ಲಿ ಸಾಮಾನ್ಯವಾಗಿ ಶೇ. 50 ಅಂಕ ಇರಬೇಕು. ನನಗೆ 54 ಇತ್ತು. ಅಲ್ಲಿ ಓದಿದ ಐಚ್ಛಿಕ ವಿಷಯಗಳ ಮೇಲೆಯೇ ಬಿ.ಎಡ್.ನ ಬೋಧನಾ ವಿಷಯಗಳು ನಿಲ್ಲುತ್ತವೆ. ಹೆರಿಗೆಗೆ ಮೊದಲು, ಅಡುಗೆಮನೆಯ ಚಿಮಣಿ ಬೆಳಕಿನಲ್ಲಿ ಓದಿದ ಇತಿಹಾಸ ಮತ್ತು ಉರ್ದು ಇಷ್ಟು ವರ್ಷಗಳ ನಂತರ ನನ್ನ ಕೈ ಹಿಡಿದವು. ಮದ್ರಸದ ಸನದಿಗೆ ಮಾತ್ರ ಆ ಅರ್ಜಿಯಲ್ಲಿ ಅಂಕಣವೇ ಇರಲಿಲ್ಲ. ಆದರೂ ಗಂಟೆಗಟ್ಟಲೆ ಕೂತು ಕಂಠಪಾಠ ಮಾಡುವ, ಉಸ್ತಾದರ ಮುಂದೆ ತಪ್ಪಿಲ್ಲದೆ ಒಪ್ಪಿಸುವ ಅಭ್ಯಾಸ ಬಂದದ್ದು ಅಲ್ಲಿಂದಲೇ. ಮತ್ತೆ ಓದಲು ಹೊರಟಿರುವ ನನಗೆ ಅದು ದೊಡ್ಡ ಧೈರ್ಯ.

ಸೋದರಿಯರೇ, ನೀವೂ ಅರ್ಜಿ ಹಾಕುವುದಿದ್ದರೆ ಕಾಗದಪತ್ರಗಳನ್ನು ಮೊದಲು ನೋಡಿಕೊಳ್ಳಿ. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಬೇಗಂ' ಇದೆ, ಆಧಾರ್‌ನಲ್ಲಿ 'ಬಿ' ಇದೆ. ಅದಕ್ಕೊಂದು ಅಫಿಡವಿಟ್ ಬೇಕಾಯಿತು. ನಮ್ಮ ಕಲ್ಯಾಣ ಕರ್ನಾಟಕದವರಿಗೆ 371ಜೆ ಅಡಿಯಲ್ಲಿ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟು ಮೀಸಲಿವೆ. ಆದರೆ ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ ಇಲ್ಲದೆ ಅದು ಸಿಗದು. ಅದಕ್ಕಾಗಿ ಯಾದಗಿರಿಗೆ ಎರಡು ಸಲ ಹೋಗಿಬಂದೆ. ನಾನು ಪದವಿ ಪಡೆದಾಗ ನಮ್ಮೂರುಗಳೆಲ್ಲ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಆಮೇಲೆ ರಾಯಚೂರಿನಲ್ಲಿ ಹೊಸ ವಿಶ್ವವಿದ್ಯಾಲಯವಾಗಿ ನಮ್ಮ ಜಿಲ್ಲೆ ಅದಕ್ಕೆ ಸೇರಿತು. ಹೀಗೆ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಸೇರುವವರು ಹಳೆಯದರಿಂದ ಮೈಗ್ರೇಷನ್ ಸರ್ಟಿಫಿಕೇಟ್ ತರಬೇಕು. ಅದಕ್ಕೆ ಜೇವರ್ಗಿ ದಾಟಿ ಕಲಬುರಗಿಗೆ ಒಂದು ದಿನದ ಪ್ರಯಾಣ.

ಎಂ.ಎ. ಮಾಡುವ ಆಸೆಯಿರುವವರಿಗೆ ದೂರಶಿಕ್ಷಣ ಒಳ್ಳೆಯ ದಾರಿ. ಇಗ್ನೋದಲ್ಲಿ ಅದಕ್ಕೆ ವಯಸ್ಸಿನ ಮಿತಿಯಿಲ್ಲ. ಹೈದರಾಬಾದಿನಲ್ಲಿ 1998ರಲ್ಲಿ ಸ್ಥಾಪನೆಯಾದ ಮೌಲಾನಾ ಆಜಾದ್ ವಿಶ್ವವಿದ್ಯಾಲಯದಲ್ಲಿ ಉರ್ದುವಿನಲ್ಲೇ ಓದಬಹುದು. ಆದರೆ ಹಣ ಕಟ್ಟುವ ಮೊದಲು ಆ ಕೋರ್ಸಿಗೆ ಆ ವರ್ಷ ಯುಜಿಸಿ ಮಾನ್ಯತೆ ಇದೆಯೇ ಎಂದು ವಿಚಾರಿಸಿಕೊಳ್ಳಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಹೇಳಿದಾಗ ಎಷ್ಟೋ ವಿದ್ಯಾರ್ಥಿಗಳು ಅತಂತ್ರರಾದರು. 2018ರಲ್ಲಿ ಮಾನ್ಯತೆ ಮರಳಿತು. ನಡುವೆ ಕಳೆದ ವರ್ಷಗಳನ್ನು ಅವರಿಗೆ ಯಾರು ಕೊಟ್ಟಾರು?

ನನ್ನ ಆಯ್ಕೆ ಪಟ್ಟಿ ಇನ್ನೂ ಬಂದಿಲ್ಲ. ಸೀಟು ಸಿಗಬಹುದು, ಸಿಗದೆಯೂ ಇರಬಹುದು. ಸಿಗದಿದ್ದರೆ ಬರುವ ವರ್ಷ ಮತ್ತೆ ಹಾಕುತ್ತೇನೆ, ಇನ್‌ಶಾ ಅಲ್ಲಾಹ್. ಕಾಗದಗಳಂತೂ ಈಗ ಸಿದ್ಧವಾಗಿವೆ. 'ಈಗ ಯಾಕೆ' ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ನನ್ನ ಮುಂದೆ ಇನ್ನೂ ಹದಿನೈದು ವರ್ಷಗಳ ಪಾಠವಿದೆ, ಎದುರಿನ ಬೆಂಚಿನಲ್ಲಿ ಓದಲು ಬಾರದ ಹುಡುಗಿ ಕೂತಿದ್ದಾಳೆ. ನೀವೂ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ಆ ಹಳೆಯ ಅಂಕಪಟ್ಟಿಗಳನ್ನು ಹೊರತೆಗೆದು ಹೆಸರುಗಳನ್ನು ಒಮ್ಮೆ ಹೋಲಿಸಿ ನೋಡಿ.