ಮಾಡಿನ ನೀರು

ನ್ಯಾಯಾಲಯದಲ್ಲಿ ನೆರೆಕರೆಯವರ ನೀರಿನ ವ್ಯಾಜ್ಯಗಳನ್ನು ನಡೆಸುವ ನನಗೆ ಸ್ವಂತ ಮನೆಯ ಮಾಡಿನ ನೀರು ಬಹುಕಾಲ ಕಂಡಿರಲಿಲ್ಲ. ಒಂದು ಆಟಿಯಲ್ಲಿ ಅದು ಕೆಳಮನೆಯ ಅಂಗಳಕ್ಕೆ ನುಗ್ಗಿತು. ಅವರು ಬಂದು ದೂರಿದಾಗ, ನೀರು ಇಳಿಜಾರಿಗೆ ಹರಿಯುವುದು ಸಹಜವೆಂದು ನಾನು ಕಾನೂನು ಹೇಳಿ ಕಳುಹಿಸಿದೆ. ಒಳಗಿನಿಂದ ಕೇಳಿಸಿಕೊಂಡ ಅಮ್ಮ ಅಂದರು: “ಬೇಸಗೆಯಲ್ಲಿ ಟ್ಯಾಂಕರಿಗೆ ಹಣ ಕೊಡುವವರು ನಾವೇ ಅಲ್ಲವೋ ಮಗಾ? ಬಂದ ನೀರನ್ನು ಓಡಿಸುವುದೇಕೆ?”

ನನ್ನಲ್ಲಿ ಉತ್ತರವಿರಲಿಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ. 100 ಚದರ ಮೀಟರ್ ಮಾಡಿನ ಮೇಲೆ ಅದು 3 ಲಕ್ಷ ಲೀಟರ್. ಹಿರಿಯರು ಮುರಕಲ್ಲಿನ ಗುಡ್ಡ ಕೊರೆದು, ಸುರಂಗದೊಳಗೆ ಹನಿಹನಿಯಾಗಿ ಜಿನುಗುವ ನೀರನ್ನು ಕೂಡಿಟ್ಟು ಬದುಕಿದ ನಾಡಿದು.

ಮಳೆ ಬಿಟ್ಟ ಮೇಲೆ ಬಾವಿಯ ಮೇಲ್ಬದಿಯಲ್ಲಿ ಇಂಗುಗುಂಡಿ ತೋಡಿದೆವು. ಕೆಳಮನೆಯವರೂ ಹಾರೆ ಹಿಡಿದು ಬಂದರು. ಬಚ್ಚಲ ನೀರು ಬಾಳೆ, ಕೆಸುವಿನ ಬುಡಕ್ಕೆ ತಿರುಗಿತು. ಗುಡಿಸಿ ಸುಡುತ್ತಿದ್ದ ತರಗೆಲೆ ತೆಂಗಿನ ಬುಡದ ಹೊದಿಕೆಯಾಯಿತು. ಮಗಳು ಬಾವಿಯ ನೀರಿನ ಮಟ್ಟವನ್ನು ವಾರವಾರ ಅಳೆದು ನೋಟುಪುಸ್ತಕದಲ್ಲಿ ಬರೆದಿಡುತ್ತಾಳೆ. ಕಳೆದ ಮೇ ಕೊನೆಗೆ ಅವಳು ಬರೆದದ್ದು: ಎರಡು ಅಡಿ. ಹೆಚ್ಚೇನಲ್ಲ, ಆದರೆ ಟ್ಯಾಂಕರನ್ನು ಕರೆಯಬೇಕಾಗಲಿಲ್ಲ. ಮುಂದಿನ ಮಳೆಗಾಲಕ್ಕೆ ಮುನ್ನ ಕೆಳಮನೆಯ ಮಾಡಿಗೂ ಕೊಳವೆ ಜೋಡಿಸಲಿದ್ದೇವೆ.